ಗಾಂಗ್ ಹೊಡೆದ ಮೇಲೂ ಮುಗಿಯದ ಪಂದ್ಯ: 2009ರ ಯೂನಿವರ್ಸಿಟಿ ಚಾಲೆಂಜ್ ಫೈನಲ್

2009ರ ಫೆಬ್ರವರಿ 23, ಸೋಮವಾರ. ಬ್ರಿಟನ್ನಿನ ಬಿಬಿಸಿ ಟು ವಾಹಿನಿಯಲ್ಲಿ ಯೂನಿವರ್ಸಿಟಿ ಚಾಲೆಂಜ್ ಎಂಬ ವಿದ್ಯಾರ್ಥಿಗಳ ಕ್ವಿಜ್ ಕಾರ್ಯಕ್ರಮದ ಫೈನಲ್ ಪ್ರಸಾರವಾಯಿತು. ಒಂದು ಕಡೆ ಆಕ್ಸ್‌ಫರ್ಡ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜು, ಇನ್ನೊಂದು ಕಡೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ. ಕೊನೆಗೆ ಕಾರ್ಪಸ್ 275, ಮ್ಯಾಂಚೆಸ್ಟರ್ 190. ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 2ರಂದು, ತಂಡದ ಒಬ್ಬ ಆಟಗಾರ ಆಗ ವಿದ್ಯಾರ್ಥಿಯಾಗಿರಲಿಲ್ಲ ಅನ್ನುವ ಕಾರಣಕ್ಕೆ ಗೆದ್ದವರ ಪಟ್ಟ ಹೋಯಿತು. ಸೋತವರು ಚಾಂಪಿಯನ್ ಆದರು.

ಈ ಪ್ರಕರಣವನ್ನು ಎಲ್ಲರೂ ಇಬ್ಬರ ಕಥೆಯಾಗಿ ಹೇಳುತ್ತಾರೆ. ಒಬ್ಬಳು ಗೆಲ್ಲಿಸಿದಳು, ಒಬ್ಬ ಕಳೆದುಬಿಟ್ಟ. ನಾನು ಇದನ್ನು ಹಾಗೆ ನೋಡುವುದಿಲ್ಲ. ಮೇಜಿನ ಹಿಂದೆ ಇದ್ದದ್ದು ನಾಲ್ಕು ಕುರ್ಚಿ. ಎದುರಾಳಿಗಳ ಮೇಜಿನಲ್ಲಿ ಇನ್ನೂ ನಾಲ್ಕು. ಅಂಕಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಈ ಪಂದ್ಯ ಎಷ್ಟು ಹತ್ತಿರದ್ದಾಗಿತ್ತು, ಗೆಲುವು ಸೋಲು ಎರಡನ್ನೂ ಒಬ್ಬೊಬ್ಬರ ತಲೆಗೆ ಕಟ್ಟಿದ್ದು ಎಷ್ಟು ತಪ್ಪು ಅನ್ನುವುದು ಕಾಣುತ್ತದೆ.

ಆಟ ಹೇಗೆ ನಡೆಯುತ್ತದೆ

ನಿಯಮ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಹಾಗಾಗಿ ಅದನ್ನು ಮೊದಲು ಹೇಳುತ್ತೇನೆ. ಅಮೆರಿಕದ ಕಾಲೇಜ್ ಬೌಲ್ ಎಂಬ ಕ್ವಿಜ್ ನೋಡಿಕೊಂಡು ಗ್ರನಾಡಾ ಟೆಲಿವಿಷನ್ 1962ರಲ್ಲಿ ಈ ಕಾರ್ಯಕ್ರಮ ಶುರುಮಾಡಿತು. 1987ರ ತನಕ ಬ್ಯಾಂಬರ್ ಗ್ಯಾಸ್ಕಾಯ್ನ್ ನಡೆಸಿದರು. ಕೆಲವು ವರ್ಷ ನಿಂತು, 1994ರಲ್ಲಿ ಬಿಬಿಸಿಯಲ್ಲಿ ಮತ್ತೆ ಬಂತು. ಆಗ ಪ್ರಶ್ನೆ ಕೇಳಲು ಕೂತವರು ಜೆರೆಮಿ ಪ್ಯಾಕ್ಸ್‌ಮನ್. ರಾಜಕಾರಣಿಗಳನ್ನು ಬಿಡದೆ ಪ್ರಶ್ನಿಸಿ ಹೆಸರಾದ ಪತ್ರಕರ್ತ. ವಿದ್ಯಾರ್ಥಿಗಳು ಉತ್ತರಕ್ಕೆ ತಡಮಾಡಿದರೂ ಅವರಿಗೆ ತಾಳ್ಮೆ ಇರುತ್ತಿರಲಿಲ್ಲ.

ತಂಡಕ್ಕೆ ನಾಲ್ವರು. ಮೊದಲು ಬರುವುದು ಸ್ಟಾರ್ಟರ್ ಪ್ರಶ್ನೆ, ಅದಕ್ಕೆ 10 ಅಂಕ. ಎಂಟು ಜನರಲ್ಲಿ ಯಾರು ಬೇಕಾದರೂ ಬಝರ್ ಒತ್ತಬಹುದು. ಆದರೆ ಒತ್ತಿದವರೇ ಉತ್ತರ ಹೇಳಬೇಕು, ಪಕ್ಕದವರನ್ನು ಕೇಳುವ ಹಾಗಿಲ್ಲ. ಉತ್ತರ ಸರಿಯಾದರೆ ಆ ತಂಡಕ್ಕೆ ಮೂರು ಬೋನಸ್ ಪ್ರಶ್ನೆ, ಒಂದೊಂದಕ್ಕೆ 5 ಅಂಕ. ಬೋನಸ್ ಬಂದಾಗ ನಾಲ್ವರೂ ತಲೆ ಸೇರಿಸಿ ಮಾತಾಡಬಹುದು. ಪ್ರಶ್ನೆ ಮುಗಿಯುವ ಮೊದಲೇ ಬಝರ್ ಒತ್ತಿ ತಪ್ಪು ಹೇಳಿದರೆ 5 ಅಂಕ ಹೋಗುತ್ತದೆ. ಆಮೇಲೆ ಅದೇ ಪ್ರಶ್ನೆಯನ್ನು ಎದುರಿನ ತಂಡಕ್ಕೆ ಪೂರ್ತಿ ಓದುತ್ತಾರೆ. ಇಷ್ಟೇ ಪ್ರಶ್ನೆ ಅಂತ ಲೆಕ್ಕ ಇಲ್ಲ. ಸಮಯ ಮುಗಿಯಿತೆಂದು ಗಾಂಗ್ (ದೊಡ್ಡ ಜಾಗಟೆ) ಹೊಡೆಯುವವರೆಗೆ ಆಟ.

ಟಿವಿಯಲ್ಲಿ ಒಂದು ತಂಡ ಮೇಲೆ, ಇನ್ನೊಂದು ಕೆಳಗೆ ಕೂತ ಹಾಗೆ ಕಾಣುತ್ತದೆ. ಅದು ಪರದೆಯ ಮೇಲಿನ ಜೋಡಣೆ ಮಾತ್ರ. ಸ್ಟುಡಿಯೋದಲ್ಲಿ ಎರಡು ಮೇಜೂ ಅಕ್ಕಪಕ್ಕದಲ್ಲೇ ಇರುತ್ತವೆ. ಎದುರಾಳಿ ಬಝರ್ ಒತ್ತಿದ್ದು ಕೈಯಳತೆ ದೂರದಲ್ಲೇ ಕೇಳುತ್ತದೆ. ಉತ್ತರ ಬಾಯಿಗೆ ಬಂದಿರುವಾಗ ಪಕ್ಕದ ಮೇಜಿನ ಸದ್ದು ಮೊದಲು ಕೇಳಿಸಿದರೆ ಹೇಗಿರುತ್ತದೆ ಅನ್ನುವುದು ಕ್ವಿಜ್ ಆಡಿದವರಿಗೆಲ್ಲ ಗೊತ್ತು.

ಆ ಒತ್ತುವ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದು ಆ ಪಂದ್ಯದ ಪ್ರಶ್ನೆಯಲ್ಲ, ವಿವರಿಸಲು ನಾನೇ ಕಟ್ಟಿದ್ದು. "1543ರಲ್ಲಿ ತನ್ನ ಮುಖ್ಯ ಕೃತಿ ಅಚ್ಚಾಗಿ ಬಂದಾಗ..." ಅಂತ ಓದಲು ಶುರುಮಾಡಿದರು ಅಂದುಕೊಳ್ಳಿ. ಇಸವಿ ಕಿವಿಗೆ ಬಿದ್ದ ಕೂಡಲೇ ಚೆನ್ನಾಗಿ ಓದಿಕೊಂಡವರ ತಲೆಯಲ್ಲಿ ಎರಡು ಹೆಸರು ಏಳುತ್ತವೆ. ಒಂದು ಕೋಪರ್ನಿಕಸ್. ಇನ್ನೊಂದು ಮನುಷ್ಯನ ಅಂಗರಚನೆ ಬರೆದ ವೆಸಾಲಿಯಸ್. ಇಬ್ಬರ ಪುಸ್ತಕವೂ ಅದೇ ವರ್ಷದ್ದು. ಈಗ ಒತ್ತಿದರೆ ಅರ್ಧ ಜೂಜು. ಇನ್ನೊಂದು ಪದ ಕಾದರೆ "ನ್ಯೂರೆಂಬರ್ಗ್" ಬರಬಹುದು, ಆಗ ಕೋಪರ್ನಿಕಸ್. "ಬಾಸೆಲ್" ಬಂದರೆ ವೆಸಾಲಿಯಸ್. ಆದರೆ ಆ ಒಂದು ಪದಕ್ಕೆ ಕಾಯುವಷ್ಟರಲ್ಲಿ ಎದುರಿನವರ ಬೆರಳು ಬಝರ್ ಮೇಲೆ ಬಿದ್ದಿರುತ್ತದೆ.

ಹಾಗಾಗಿ ಸ್ಟಾರ್ಟರ್‌ನಲ್ಲಿ ಗೊತ್ತಿರುವುದರ ಜೊತೆಗೆ ಯಾವ ಪದದಲ್ಲಿ ಪ್ರಶ್ನೆಯ ಗಂಟು ಬಿಚ್ಚುತ್ತದೆ ಅನ್ನುವುದೂ ತಿಳಿದಿರಬೇಕು. ಮುಂದಿರುವ ತಂಡ ಒಂದು ಪದ ಕಾಯಬಹುದು. ಹಿಂದೆ ಬಿದ್ದವರಿಗೆ ಆ ಸೌಕರ್ಯ ಇಲ್ಲ. ಸಮಯವೂ ಹಾಗೆಯೇ. ಮುಂದಿರುವವರು ಬೋನಸ್ ಮೇಲೆ ಆರಾಮವಾಗಿ ಚರ್ಚೆ ಮಾಡಬಹುದು, ಗಾಂಗ್ ಹತ್ತಿರ ಬಂದಷ್ಟೂ ಅವರಿಗೇ ಲಾಭ. ಹಿಂದಿರುವವರು ಗೊತ್ತಿಲ್ಲದ ಬೋನಸ್ಸನ್ನು ತಕ್ಷಣ ಬಿಟ್ಟು ಮುಂದಿನ ಸ್ಟಾರ್ಟರ್‌ಗೆ ಓಡಬೇಕು.

85 ಅಂಕದ ಅಂತರ ಎಂದರೆ ಎಷ್ಟು

ಫೈನಲ್‌ನಲ್ಲಿ ಮೊದಲು ಓಟ ಹಿಡಿದದ್ದು ಮ್ಯಾಂಚೆಸ್ಟರ್. ಕಾರ್ಪಸ್ ಆ ಸಲದ ಹಿಂದಿನ ಸುತ್ತುಗಳಲ್ಲಿ ಎದುರಾಳಿಗಳನ್ನು ದೊಡ್ಡ ಅಂತರದಲ್ಲಿ ಸೋಲಿಸುತ್ತಾ ಬಂದಿತ್ತು. ಎಕ್ಸೆಟರ್ ವಿಶ್ವವಿದ್ಯಾಲಯದ ಮೇಲೆ 350–15ರಲ್ಲಿ ಗೆದ್ದಿತ್ತು. ಅಂಥ ತಂಡ ಫೈನಲ್‌ನಲ್ಲಿ ಬೆನ್ನಟ್ಟಬೇಕಾಗಿ ಬಂತು. ಆಮೇಲೆ ಕಾರ್ಪಸ್ ತಿರುಗಿ ಬಿತ್ತು. ಸ್ಟಾರ್ಟರ್‌ಗಳನ್ನು ಒಂದರ ಹಿಂದೆ ಒಂದು ಹಿಡಿದು, ಬೋನಸ್‌ಗಳನ್ನು ಬಾಚಿಕೊಂಡು ದಾಟಿಹೋಯಿತು.

275–190 ಅಂದರೆ ನೋಡುವವರಿಗೆ ನಿರಾಳ ಗೆಲುವಿನ ಹಾಗೆ ಕಾಣುತ್ತದೆ. ಈ ಆಟದಲ್ಲಿ ಹಾಗಲ್ಲ. ಒಂದು ಸ್ಟಾರ್ಟರ್, ಅದರ ಮೂರೂ ಬೋನಸ್ ಸೇರಿದರೆ 25 ಅಂಕ. ಆ ಸ್ಟಾರ್ಟರ್ ಈ ಕಡೆಯಿಂದ ಆ ಕಡೆಗೆ ಹೋದರೆ ಅಂತರ 50 ಅಂಕ ಬದಲಾಗುತ್ತದೆ. ನಮಗೆ 25 ಹೋಯಿತು, ಅವರಿಗೆ 25 ಬಂತು, ಅಲ್ವಾ? ಇಂಥ ಎರಡೇ ಎರಡು ಪೂರ್ತಿ ಸೆಟ್ ಕೈ ಬದಲಾಗಿದ್ದರೆ ಕಾರ್ಪಸ್ 225ಕ್ಕೆ ಇಳಿಯುತ್ತಿತ್ತು, ಮ್ಯಾಂಚೆಸ್ಟರ್ 240ಕ್ಕೆ ಏರುತ್ತಿತ್ತು. ಟ್ರೋಫಿ ಅವತ್ತೇ ಮ್ಯಾಂಚೆಸ್ಟರ್‌ಗೆ ಹೋಗುತ್ತಿತ್ತು.

ಎರಡೂ ತಂಡ ಸೇರಿ ಗಳಿಸಿದ್ದು 465 ಅಂಕ. ಒಂದು ಸ್ಟಾರ್ಟರ್‌ಗೆ ಬೋನಸ್ ಸೇರಿ ಸುಮಾರು 20 ಅಂಕ ಅಂತ ಹಿಡಿದರೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಸ್ಟಾರ್ಟರ್‌ಗಳ ಆಟ. ಅದರಲ್ಲಿ ಎರಡು. ಎರಡು ಸಲ ಯಾರದೋ ಬೆರಳು ಅರ್ಧ ಸೆಕೆಂಡು ಮೊದಲು ಬಿದ್ದಿದ್ದರೆ ಸಾಕಿತ್ತು. ಮ್ಯಾಂಚೆಸ್ಟರ್ ಹುಡುಗರು ಈ ಪಂದ್ಯದಲ್ಲಿ ಎಷ್ಟು ಹತ್ತಿರ ಬಂದಿದ್ದರು ಅನ್ನುವುದನ್ನು ಯಾರೂ ಸರಿಯಾಗಿ ಹೇಳಿಲ್ಲ ಅನ್ನುವುದು ನನ್ನ ಬೇಸರ. ಅವರ ಬಗ್ಗೆ ಮಾತಾಡುವವರೆಲ್ಲ "ಪುಕ್ಕಟೆ ಟ್ರೋಫಿ ಸಿಕ್ಕಿದವರು" ಅಂದುಬಿಡುತ್ತಾರೆ.

ಒಬ್ಬಳ ತಂಡವೇ?

ಕಾರ್ಪಸ್ ಕ್ಯಾಪ್ಟನ್ ಗೇಲ್ ಟ್ರಿಂಬಲ್. ಆಗ ಅವರಿಗೆ 26 ವರ್ಷ, ಲ್ಯಾಟಿನ್ ಕಾವ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದರು. ಫೈನಲ್‌ಗೆ ಬರುವ ಹೊತ್ತಿಗೆ ತಂಡದ 1,235 ಅಂಕಗಳಲ್ಲಿ 825 ಅವರವೇ ಎಂದು ಪತ್ರಿಕೆಗಳು ಲೆಕ್ಕ ಹಾಕಿದ್ದವು. ಅಂದರೆ ಮೂರರಲ್ಲಿ ಎರಡು ಪಾಲು. ಮನುಷ್ಯ ರೂಪದ ಗೂಗಲ್ ಅಂತ ಹೆಸರೂ ಬಿತ್ತು.

ಅವರ ಸಾಮರ್ಥ್ಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಸಾಹಿತ್ಯ, ಇತಿಹಾಸ, ಸಂಗೀತ, ವಿಜ್ಞಾನ, ಯಾವ ಕಡೆಯಿಂದ ಪ್ರಶ್ನೆ ಬಂದರೂ ತಡಮಾಡದೆ ಉತ್ತರ ಹೇಳುವ ಆಟಗಾರ್ತಿ ಸಿಗುವುದು ಅಪರೂಪ. ಆದರೆ ಆ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಟಾರ್ಟರ್ ಅಂಕ ಯಾರದು ಅನ್ನುವುದು ಖಚಿತ. ಬಝರ್ ಒತ್ತಿದ ಕೂಡಲೇ ತಂಡದ ಹೆಸರನ್ನೂ ಆಟಗಾರರ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಾರೆ: "ಕಾರ್ಪಸ್, ಟ್ರಿಂಬಲ್!" ನೋಡುವವರ ಕಿವಿಯಲ್ಲಿ ಉಳಿಯುವುದು ಆ ಕೂಗು. ಬೋನಸ್‌ನಲ್ಲಿ ಹಾಗಿಲ್ಲ. ನಾಲ್ವರು ಪಿಸುಗುಟ್ಟುತ್ತಾರೆ. ಒಬ್ಬ ಒಂದು ಹೆಸರು ಹೇಳುತ್ತಾನೆ, ಇನ್ನೊಬ್ಬ "ಅಲ್ಲ, ಅದು ಬೇರೆ ಶತಮಾನ" ಅನ್ನುತ್ತಾನೆ, ಮೂರನೆಯವನು ಸುಮ್ನೆ ತಲೆಯಾಡಿಸುತ್ತಾನೆ. ಕೊನೆಗೆ ಕ್ಯಾಪ್ಟನ್ ಬಾಯಿಂದ ಉತ್ತರ ಬರುತ್ತದೆ. ಆ ತಲೆಯಾಡಿಸುವುದಕ್ಕೆ ಅಂಕಪಟ್ಟಿಯಲ್ಲಿ ಜಾಗ ಇಲ್ಲ. ತಪ್ಪು ಉತ್ತರವನ್ನು ತಡೆದವನ ಹೆಸರನ್ನು ಯಾರೂ ಕೂಗುವುದಿಲ್ಲ.

ಇನ್ನೂ ಒಂದಿದೆ. ಪಕ್ಕದಲ್ಲಿ ನಂಬಿಕಸ್ತರು ಕೂತಿದ್ದರೆ ಆಟಗಾರರ ಧೈರ್ಯ ಹೆಚ್ಚುತ್ತದೆ. ರಸಾಯನಶಾಸ್ತ್ರದ ಪ್ರಶ್ನೆ ಬಂದರೆ ಅವನು ನೋಡಿಕೊಳ್ಳುತ್ತಾನೆ ಅಂತ ಗೊತ್ತಿದ್ದಾಗ ಉಳಿದವರು ತಮ್ಮ ವಿಷಯದ ಮೇಲೆ ಪೂರ್ತಿ ಗಮನ ಇಡಬಹುದು. ಕಾರ್ಪಸ್ ತಂಡದಲ್ಲಿ ರಸಾಯನಶಾಸ್ತ್ರ ಓದಿದ ಹುಡುಗನೊಬ್ಬ ಇದ್ದ. ಮುಂದೆ ಅವನ ಹೆಸರೇ ದೇಶವೆಲ್ಲ ಸುತ್ತಿತು. ಇಲ್ಲಿ ಅವನ ಹೆಸರು ಬೇಕಾಗಿಲ್ಲ.

ಟ್ರಿಂಬಲ್ ಅವರ ಮೇಲೆ ಬಂದ ಮಾತುಗಳನ್ನು ನೆನೆದರೆ ಈಗಲೂ ನೋವಾಗುತ್ತದೆ. ಹುಡುಗಿಯೊಬ್ಬಳು ಉತ್ತರ ಹೇಳಿ ಮುಗುಳ್ನಕ್ಕರೆ ಅದು ಜಂಬ ಎನ್ನಿಸಿಕೊಂಡಿತು. ಅವರ ರೂಪದ ಬಗ್ಗೆ, ಬಟ್ಟೆಯ ಬಗ್ಗೆ ಅಂತರ್ಜಾಲದಲ್ಲಿ ಚರ್ಚೆ ನಡೆಯಿತು. ಗಂಡಸರಿಗಾಗಿ ಬರುವ ಪತ್ರಿಕೆಯೊಂದು ಫೋಟೋ ತೆಗೆಸಿಕೊಳ್ಳಲು ಕರೆಯಿತು. ಅದೇ ಮೇಜಿನ ಹುಡುಗರು ಹೇಗೆ ಕಾಣುತ್ತಾರೆ ಅಂತ ಯಾರೂ ಕೇಳಲಿಲ್ಲ. ಲ್ಯಾಟಿನ್ ಕವಿ ಕಟುಲ್ಲಸ್‌ನ ಪದ್ಯದ ಮೇಲೆ ಅವರು ಏನು ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿದವರೂ ಕಡಿಮೆ. ಮುಂದೆ ಅವರು ಆಕ್ಸ್‌ಫರ್ಡ್‌ನಲ್ಲೇ ಅಧ್ಯಾಪಕಿಯಾದರು.

ಮ್ಯಾಂಚೆಸ್ಟರ್‌ನ ಹಳೆಯ ಲೆಕ್ಕ

ಈ ಫೈನಲ್‌ಗೆ ಒಂದು ಹಿನ್ನೆಲೆಯೂ ಇದೆ. ಬ್ರಿಟನ್ನಿನ ಬೇರೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಂದೊಂದೇ ತಂಡ ಕಳಿಸುತ್ತವೆ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪ್ರತಿ ಕಾಲೇಜೂ ತನ್ನದೇ ತಂಡ ಕಳಿಸಬಹುದು. ಇದು ಅನ್ಯಾಯ ಅಂತ 1975ರಲ್ಲಿ ಮ್ಯಾಂಚೆಸ್ಟರ್ ತಂಡ ಸ್ಟುಡಿಯೋದಲ್ಲೇ ಪ್ರತಿಭಟನೆ ಮಾಡಿತು. ಯಾವ ಪ್ರಶ್ನೆ ಕೇಳಿದರೂ ಉತ್ತರ ಒಂದೇ ಬಗೆ: ಮಾರ್ಕ್ಸ್, ಲೆನಿನ್, ಟ್ರಾಟ್ಸ್ಕಿ, ಚೆ ಗೆವಾರ. ಮುಂದೆ ಪತ್ರಕರ್ತರಾಗಿ ಹೆಸರು ಮಾಡಿದ ಡೇವಿಡ್ ಆರೊನೊವಿಚ್ ಆ ತಂಡದಲ್ಲಿದ್ದರು.

ಅವರ ದೂರಿನಲ್ಲಿ ಹುರುಳಿದೆ ಅಂತಲೇ ನನಗೆ ಅನಿಸುತ್ತದೆ. ಹೆಚ್ಚು ತಂಡ ಇದ್ದವರಿಗೆ ಹೆಚ್ಚು ಅವಕಾಶ. ಆದರೆ 2009ರ ಈ ಒಂದು ಪಂದ್ಯದ ಮಟ್ಟಿಗೆ ತೂಕ ಬೇರೆ ಕಡೆಗಿತ್ತು. 1517ರಲ್ಲಿ ಹುಟ್ಟಿದ ಕಾರ್ಪಸ್ ಕ್ರಿಸ್ಟಿ ಆಕ್ಸ್‌ಫರ್ಡ್‌ನ ತೀರ ಚಿಕ್ಕ ಕಾಲೇಜುಗಳಲ್ಲಿ ಒಂದು, ಅಲ್ಲಿರುವುದು ಕೆಲವು ನೂರು ವಿದ್ಯಾರ್ಥಿಗಳು. ಮ್ಯಾಂಚೆಸ್ಟರ್‌ನಲ್ಲಿ ಹತ್ತಾರು ಸಾವಿರ. 2006ರಲ್ಲಿ ಮ್ಯಾಂಚೆಸ್ಟರ್ ಈ ಟ್ರೋಫಿಯನ್ನೂ ಗೆದ್ದಿತ್ತು. ಹಾಗಾಗಿ ಫೈನಲ್‌ಗೆ ಬಂದದ್ದು ಅದೃಷ್ಟದಿಂದಲ್ಲ.

ನಾಲ್ಕನೇ ಕುರ್ಚಿ

ಇನ್ನು ನಿಯಮದ ವಿಷಯ. ತಂಡದ ನಾಲ್ವರೂ ಚಿತ್ರೀಕರಣ ಮುಗಿಯುವವರೆಗೆ ತಾವು ಪ್ರತಿನಿಧಿಸುವ ಸಂಸ್ಥೆಯಲ್ಲಿ ನೋಂದಾಯಿತ ವಿದ್ಯಾರ್ಥಿಗಳಾಗಿರಬೇಕು. ರಸಾಯನಶಾಸ್ತ್ರದ ಆ ಹುಡುಗ ತಂಡ ಸೇರಿದಾಗ ಕಾರ್ಪಸ್ ವಿದ್ಯಾರ್ಥಿಯೇ. 2008ರ ಬೇಸಿಗೆಯಲ್ಲಿ ಅವನ ಪದವಿ ಮುಗಿಯಿತು. ಅಲ್ಲೇ ಪಿಎಚ್‌ಡಿಗೆ ಮುಂದುವರಿಯುವ ಯೋಚನೆ ಇತ್ತು, ಹಣದ ನೆರವು ಸಿಗಲಿಲ್ಲ. ಕೊನೆಗೆ ಅಕೌಂಟೆನ್ಸಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಮುಂದಿನ ಸುತ್ತುಗಳ ಚಿತ್ರೀಕರಣ ನಡೆದಾಗ ಅವನು ವಿದ್ಯಾರ್ಥಿಯಾಗಿರಲಿಲ್ಲ.

ಫೈನಲ್ ಪ್ರಸಾರವಾದ ಆ ವಾರದ ಕೊನೆಗೆ ವಿಷಯ ಪತ್ರಿಕೆಗೆ ಬಂತು. ಮಾರ್ಚ್ 2ರಂದು ಬಿಬಿಸಿ ಮತ್ತು ಗ್ರನಾಡಾ ಜಂಟಿಯಾಗಿ ನಿರ್ಧಾರ ಪ್ರಕಟಿಸಿದವು. ಕಾರ್ಪಸ್ ಅನರ್ಹ, ಪಟ್ಟ ಮ್ಯಾಂಚೆಸ್ಟರ್‌ಗೆ. ಆ ಹುಡುಗ ಎರಡೂ ತಂಡಗಳ ಕ್ಷಮೆ ಕೇಳಿದ. ತಾನು ಅರ್ಹನೆಂದೇ ನಂಬಿದ್ದೆ ಎಂದ.

ಇಲ್ಲಿ ನಾನು ಅವನ ಪರವಾಗಿ ಮಾತಾಡುತ್ತಿದ್ದೇನೆ ಅಂತ ಅನಿಸಬಹುದು. ಸ್ವಲ್ಪ ಮಟ್ಟಿಗೆ ಹೌದು. ಕ್ಯಾಲೆಂಡರ್ ನೋಡಿ. ಬ್ರಿಟನ್ನಿನಲ್ಲಿ ಕಾಲೇಜು ವರ್ಷ ಬೇಸಿಗೆಯಲ್ಲಿ ಮುಗಿಯುತ್ತದೆ, ಶರತ್ಕಾಲದಲ್ಲಿ ಹೊಸದು ಶುರುವಾಗುತ್ತದೆ. ಈ ಸರಣಿಯ ಚಿತ್ರೀಕರಣ ಆ ಗೆರೆಯ ಆಚೆಗೂ ಈಚೆಗೂ ಚಾಚಿತ್ತು. ಮೊದಲ ಸುತ್ತಿಗೆ ಒಂದು ಶೈಕ್ಷಣಿಕ ವರ್ಷ, ಕೊನೆಯ ಸುತ್ತಿಗೆ ಇನ್ನೊಂದು. ಪದವಿಯ ಕೊನೆಯ ವರ್ಷದವರನ್ನು ತಂಡಕ್ಕೆ ತೆಗೆದುಕೊಂಡರೆ ಈ ತೊಡಕು ಬರುವುದು ಮೊದಲ ದಿನವೇ ಗೊತ್ತಿರುವ ಮಾತು. ಪ್ರತಿ ಸುತ್ತಿಗೂ ಮೊದಲು ಕಾಲೇಜಿನಿಂದ ಒಂದು ಹಾಳೆ ದೃಢೀಕರಣ ಪತ್ರ ತರಿಸಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ತಂಡಕ್ಕೊಬ್ಬ ಮೀಸಲು ಆಟಗಾರ ಇರುತ್ತಾನೆ, ಅವನನ್ನು ಕೂರಿಸಬಹುದಿತ್ತು.

ಅಷ್ಟೇ ಅಲ್ಲ, ಹಿಂದಿನ ವರ್ಷಗಳಲ್ಲೂ ಇಂಥದ್ದು ನಡೆದಿತ್ತು. 2008ರಲ್ಲಿ ಗೆದ್ದ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ತಂಡದ ಒಬ್ಬ ಆಟಗಾರ ಸರಣಿಯ ನಡುವೆಯೇ ಬೇರೆ ಕಾಲೇಜಿಗೆ ಹೋಗಿದ್ದ. ಕಾರ್ಯಕ್ರಮದವರಿಗೆ ತಿಳಿಸಿದ್ದೆ, ಅಡ್ಡಿಯಿಲ್ಲ ಅಂದರು ಎಂದು ಆಮೇಲೆ ಹೇಳಿದ. ಆ ತಂಡದ ಪಟ್ಟ ಹಾಗೆಯೇ ಉಳಿಯಿತು. ಒಂದು ವರ್ಷದ ಅಂತರದಲ್ಲಿ ಒಂದೇ ನಿಯಮಕ್ಕೆ ಎರಡು ಅಳತೆ.

ಹಾಗಂತ ಮಾರ್ಚ್ 2ರ ನಿರ್ಧಾರ ತಪ್ಪು ಅಂತ ನಾನು ಹೇಳುವುದಿಲ್ಲ. ನಿಯಮ ಬರೆದದ್ದು ಸ್ಪಷ್ಟವಾಗಿತ್ತು. ಅದನ್ನು ಪಾಲಿಸಿ, ಇರುವ ನಾಲ್ವರಲ್ಲೇ ಆಡಿದ ಮ್ಯಾಂಚೆಸ್ಟರ್‌ಗೆ ನ್ಯಾಯ ಸಿಗಬೇಕಿತ್ತು. ನನ್ನನ್ನು ಕಾಡುವುದು ಬೇರೆ. ಆ ಸಲದ್ದು, ಕೊನೆಯ ಸುತ್ತುಗಳಲ್ಲಂತೂ, ಸೋತವರು ಮನೆಗೆ ಹೋಗುವ ಪಂದ್ಯಾವಳಿ. ಅನರ್ಹ ಆಟಗಾರ ಆಡಿದ್ದು ಫೈನಲ್‌ನಲ್ಲಿ ಮಾತ್ರ ಅಲ್ಲ. ಸೆಮಿಫೈನಲ್‌ನಲ್ಲಿ ಕಾರ್ಪಸ್ ಎದುರು ಸೋತವರ ಗತಿ ಏನು? ಅವರೂ ಅದೇ ತಂಡದ ಎದುರು ಅದೇ ಕಾರಣಕ್ಕೆ ಅನ್ಯಾಯಕ್ಕೆ ಒಳಗಾದವರು. ಅವರಿಗೆ ಫೈನಲ್‌ನಲ್ಲಿ ಆಡುವ ಅವಕಾಶವೇ ಹೋಯಿತು. ಆ ಪಂದ್ಯಗಳನ್ನು ಮತ್ತೆ ಆಡಿಸಲು ಆಗುವುದಿಲ್ಲ, ಪ್ರಸಾರ ಮುಗಿದುಹೋಗಿದೆ. ಪ್ರಸಾರವಾದ ಮೇಲೆ ತಪ್ಪು ಹಿಡಿದರೆ ಸರಿಪಡಿಸಲು ಆಗುವುದು ಕೊನೆಯ ಒಂದು ಸಾಲು ಮಾತ್ರ. ಅದಕ್ಕೇ ಪರಿಶೀಲನೆ ಮೊದಲೇ ಆಗಬೇಕಿತ್ತು ಎಂದು ನಾನು ಅನ್ನುವುದು.

ಕಾರ್ಪಸ್‌ನ ಉಳಿದ ಮೂವರನ್ನೂ ಮರೆಯಬಾರದು. ಟ್ರಿಂಬಲ್ ಒಬ್ಬರೇ ಗೆಲ್ಲಿಸಿದರು ಎಂದು ಒಂದು ವಾರ ಬರೆದವರೇ ಮುಂದಿನ ವಾರ ಆ ಹುಡುಗ ಒಬ್ಬನೇ ಸೋಲಿಸಿದ ಎಂದು ಬರೆದರು. ಎರಡೂ ಸಲ ಉಳಿದ ಇಬ್ಬರು ಲೆಕ್ಕಕ್ಕೇ ಬರಲಿಲ್ಲ. ಅವರು ಓದಿದ್ದರು, ಅಭ್ಯಾಸ ಮಾಡಿದ್ದರು, ಬೋನಸ್ ಬಂದಾಗ ತಲೆ ಸೇರಿಸಿದ್ದರು. ಅವರ ಹತ್ತಿರ ಇದ್ದ ಟ್ರೋಫಿಯೂ ಅದೇ ದಿನ ಹೋಯಿತು.

ಮ್ಯಾಂಚೆಸ್ಟರ್‌ನವರಿಗೂ ಅದು ಸಂಭ್ರಮದ ದಿನವಾಗಿರಲಿಕ್ಕಿಲ್ಲ. ಗೆದ್ದ ಖುಷಿ ಇರುವುದು ಗಾಂಗ್ ಹೊಡೆದ ಆ ಕ್ಷಣದಲ್ಲಿ, ಎರಡೂ ಮೇಜಿನವರು ಒಂದೇ ಸಲ ಅಂಕದ ಕಡೆ ನೋಡುವಾಗ. ಅವರು ಆ ಕ್ಷಣವನ್ನು ಸೋತವರಾಗಿ ಕಳೆದಿದ್ದರು. ಆಮೇಲೆ ಬಂದ ಒಂದು ಪ್ರಕಟಣೆಗೆ ಅದನ್ನು ಮರಳಿಸಲು ಆಗುವುದಿಲ್ಲ.

ಮೂರು ವರ್ಷ ಕಳೆಯಿತು. 2012ರ ಫೈನಲ್‌ನಲ್ಲಿ ಮ್ಯಾಂಚೆಸ್ಟರ್‌ನ ಹೊಸ ನಾಲ್ವರು ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನ ಎದುರು ಕೂತರು. 180–135. ಮರುವರ್ಷ ಯೂನಿವರ್ಸಿಟಿ ಕಾಲೇಜ್ ಲಂಡನ್ ಎದುರು ಇನ್ನೊಂದು ತಂಡ ಬಂತು. 190–140. ಎರಡೂ ಸಲ ಗಾಂಗ್ ಹೊಡೆದಾಗ ಮುಂದಿದ್ದವರು ಮ್ಯಾಂಚೆಸ್ಟರ್‌ನವರೇ.